ಕವಲಿನಲ್ಲಿ ನಿಂತವನು

ಬೋಲ್ಟು ಮುರಿಯುವ ಒಂದು ಕ್ಷಣ ಮೊದಲೇ ಲೈಲ್‌ನ ಕೈಗೆ ಅದು ಗೊತ್ತಾಗಿತ್ತು. ಬಿಗಿಯಾಗುತ್ತ ಬಂದ ಸ್ಪ್ಯಾನರು ಇದ್ದಕ್ಕಿದ್ದಂತೆ ಸಡಿಲಗೊಂಡು ಏನೂ ತಡೆಯಿಲ್ಲದೆ ತಿರುಗಿತು. ಗೊತ್ತಾದ ಮೇಲೂ ಕೈ ಇನ್ನರ್ಧ ಸುತ್ತು ತಿರುಗಿಸಿಯೇ ನಿಂತಿತು. ಮೂವತ್ತೊಂದು ವರ್ಷ ಕೌಂಟಿಯ ಮಣ್ಣುರಸ್ತೆಗಳನ್ನು ಸಮ ಮಾಡುವ ಗ್ರೇಡರ್ ಯಂತ್ರ ಓಡಿಸಿದ ಕೈ ಅದು. ಅಂಗೈಯಗಲದ ನಟ್ಟುಗಳನ್ನು ಮೈಭಾರವೆಲ್ಲ ಬಿಟ್ಟು ಬಿಗಿದು ರೂಢಿ. ಪೆನ್ಸಿಲ್ ದಪ್ಪದ ಬೋಲ್ಟಿಗೆ ಎಷ್ಟು ಬಲ ಸಾಕೆಂದು ಅದಕ್ಕೆ ಅರವತ್ತೆರಡನೆಯ ವಯಸ್ಸಿನಲ್ಲಿ ಯಾರು ಹೇಳಿಕೊಡಬೇಕು? ತಲೆ ಕಳೆದುಕೊಂಡ ಬೋಲ್ಟಿನ ಮುಂಡ ಹೊಸ ಬೈಕಿನ ಸೀಟಿನ ಕೆಳಗಿನ ಕಬ್ಬಿಣದೊಳಗೆ ಉಳಿದುಬಿಟ್ಟಿತು. ಹಿಂದಿನ ಕ್ಯಾರಿಯರ್ ಮೂರು ಬೋಲ್ಟಿನ ಮೇಲೆ ನಿಂತು ಒಂದು ಕಡೆ ಸ್ವಲ್ಪವೇ ಅಲುಗಾಡಿತು. ಲೈಲ್ ಬೋಲ್ಟಿನ ತಲೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ, ಶೆಡ್ಡಿನಲ್ಲಿ ತಾನೊಬ್ಬನೇ ಇದ್ದರೂ ಅತ್ತಿತ್ತ ನೋಡಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಹೊರಗೆ ದೊಡ್ಡ ರಸ್ತೆಯಲ್ಲಿ ಐದು ಗಾಡಿಗಳು ಒಂದರ ಹಿಂದೊಂದು ಹೋದವು. ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ. ಪಿಂಚಣಿಯ ಗಂಡಸರು ಗುಡ್ಡಕ್ಕೆ ಹೊರಡುವ ಹೊತ್ತು. ಮುಂದಿನದು ಫೆಂಟನ್‌ನ ಗಾಡಿ, ಸೈಲೆನ್ಸರಿನ ಸದ್ದಿನಿಂದಲೇ ತಿಳಿಯುತ್ತದೆ. ಲೈಲ್‌ನ ಮನೆಯ ತಿರುವಿನ ಹತ್ತಿರ ಆ ಸದ್ದು ಸ್ವಲ್ಪ ಇಳಿದು, ಯಾರೂ ಬಾರದ್ದನ್ನು ಕಂಡು, ಮತ್ತೆ ಏರಿತು. ಹಾಗೆ ಇಳಿಸಿ ನೋಡುವುದನ್ನೂ ಇನ್ನು ನಾಲ್ಕು ವಾರಕ್ಕೆ ನಿಲ್ಲಿಸುತ್ತಾನೆ ಎಂದುಕೊಂಡ.

ಗಾಡಿ ಕೊಂಡು ಎರಡು ತಿಂಗಳಾಗಿತ್ತು. ಇನ್ನೂರಮೂವತ್ತು ಸಿಸಿಯದು, ಹಸಿರು ಬಣ್ಣ, ಡಾಂಬರಿಗೂ ಸೈ ಮಣ್ಣಿಗೂ ಸೈ. ಮೀಟರಿನಲ್ಲಿ ನಲವತ್ತೊಂದು ಮೈಲಿ, ಅದರಲ್ಲಿ ಮೂವತ್ತೆಂಟು ಅಂಗಡಿಯಿಂದ ಮನೆಗೆ ಬಂದದ್ದು. ಉಳಿದ ಮೂರು ಮೈಲಿ ಎಲ್ಲಿಯದೆಂದು ಕೇಳಿದರೆ ಅವನು ತಬ್ಬಿಬ್ಬಾಗುತ್ತಿದ್ದ. ಮೂರು ಸಲ ಹೊರಟು, ಗುಡ್ಡದ ದಾರಿ ಶುರುವಾಗುವಲ್ಲಿ ದನ ದಾಟದಂತೆ ನೆಲಕ್ಕೆ ಹಾಕಿದ ಕಬ್ಬಿಣದ ಸರಳುಗಳವರೆಗೆ ಹೋಗಿ, ಏನೋ ಮರೆತವನ ಹಾಗೆ ತಿರುಗಿ ಬಂದಿದ್ದ. ಬಂದ ಪ್ರತಿ ಸಲವೂ ಗಾಡಿಗೆ ಏನೋ ಒಂದು ಕಡಿಮೆಯಾಗಿದೆ ಎಂದು ಅನ್ನಿಸಿ ಅದನ್ನು ತರಿಸಿದ. ಮಡಚುವ ಕನ್ನಡಿ ಬಂತು, ಅಗಲದ ಫುಟ್‌ರೆಸ್ಟು ಬಂತು, ಫೋನು ಸಿಕ್ಕಿಸುವ ಹಿಡಿ ಬಂತು, ಎರಡು ಲೀಟರಿನ ಪೆಟ್ರೋಲ್ ಡಬ್ಬಿ ಬಂತು, ಡಬ್ಬಿಗೆ ಪಟ್ಟಿ ಬಂತು. ಹಗುರವೆಂದು ಕೊಂಡ ಗಾಡಿ ಪೆಟ್ಟಿಗೆ ಪೆಟ್ಟಿಗೆಗೂ ಭಾರವಾಗುತ್ತ ಹೋಯಿತು. ಕನ್ನಡಿಯ ವಿಷಯ ಬೇರೆ. ಅದು ಬೇಕಾಗಿಯೇ ತರಿಸಿದ್ದು. ತಂದ ದಿನ ಮನೆಯ ಮುಂದೆ ನಿಲ್ಲಿಸಿ ಇಳಿಯುವಾಗ, ಸೀಟು ಎತ್ತರವಾಗಿ ಎಡಗಾಲು ನೆಲಕ್ಕೆ ಎಟುಕದೆ, ಗಾಡಿ ಅವನನ್ನೂ ಕರೆದುಕೊಂಡು ನಿಧಾನವಾಗಿ, ಬಹಳ ಮರ್ಯಾದೆಯಿಂದ ಎಂಬಂತೆ ಮಗ್ಗುಲಾಗಿತ್ತು. ಕಂಪನಿಯ ಕನ್ನಡಿ ಒಡೆದದ್ದು ಆಗಲೇ. ಅಡುಗೆಮನೆಯ ಕಿಟಕಿಯಲ್ಲಿ ನೆಡ್ರಾ ನಿಂತಿದ್ದಳು. ಅವನು ತಲೆಯೆತ್ತುವಷ್ಟರಲ್ಲಿ ಪರದೆ ಎಳೆದಿದ್ದಳು. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಈಗಲೂ ಅನ್ನಿಸುತ್ತದೆ. ಮೂವತ್ತೇಳು ವರ್ಷ ಸಂಸಾರ ಮಾಡಿದ ಹೆಂಗಸು ಗಂಡನ ಮಾನ ಕಾಯಲು ಪರದೆ ಎಳೆಯುತ್ತಾಳೆಂದರೆ ಅವನ ಮಾನ ಆಗಲೇ ಎಷ್ಟು ಹೋಗಿರಬೇಡ.

ಆ ನೆಡ್ರಾ ಈಗ ಶೆಡ್ಡಿನ ಬಾಗಿಲಲ್ಲಿ ಕೋಟು ಹಾಕಿಕೊಂಡು ನಿಂತಿದ್ದಳು. ಚರ್ಚಿನಲ್ಲಿ ಹೆಂಗಸರೆಲ್ಲ ಸೇರಿ ಸೇಬು ಬೇಯಿಸಿ ಬಾಟಲಿಗೆ ತುಂಬುವ ವಾರ.

"ಮೇಜಿನ ಮೇಲೆ ಬ್ರೆಡ್ಡು ಇಟ್ಟಿದೀನಿ. ಸೀಮೆ ಸೌತೆಕಾಯಿ ತುರಿದು ಹಾಕಿದ್ದು. ಆರಿನ್ ಬಂದಾಗ ಕೊಡು," ಎಂದಳು. "ಕಾರ್ಲೀನ್‌ಗೆ ಎರಡು ಕಾಯೀನೂ ಕೊಟ್ಟು ಕಳ್ಸು. ಬೇಡ ಅಂತಾಳೆ. ಅವರ ಗಾಡಿಯ ಹಿಂದೆ ಹಾಕಿಬಿಡು."

"ಹೂಂ."

"ಏನು ಮುರ್ದೆ?"

"ಏನಿಲ್ಲ."

"ಜೇಬು ಹಿಡ್ಕೊಂಡಿದೀಯ." ಅವಳು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ಕ್ರಿಸ್‌ಮಸ್ ಮರ ಸಿಂಗಾರ ಮಾಡಿದ ಹಾಗೆ ಮಾಡ್ತಿದೀಯಲ್ಲ ಲೈಲ್. ಮರಾನೂ ನಿಂತ ಕಡೆ ನಿಂತಿರತ್ತೆ." ಅಷ್ಟು ಹೇಳಿ ಹೋಗುವವಳು ಹೋಗಲಿಲ್ಲ. "ನಿನಗೆ ಭಯ ಆಗಿದ್ರೆ ಆಗಿದೆ ಅನ್ನು. ಆರಿನ್‌ಗೆ ಆದದ್ದನ್ನ ನೋಡಿದ ಮೇಲೆ ಯಾರಿಗಾದ್ರೂ ಆಗತ್ತೆ. ಮಾರಿಬಿಡೋಣ."

ಭಯ. ಆ ಪದ ಅವನಿಗೆ ಒಂದು ಕ್ಷಣ ಹಿತವಾಗಿಯೇ ಕಂಡಿತು. ಬೇರೆಯವರು ಹೊಲಿದು ತಂದ ಅಂಗಿ ಮೈಗೆ ಸರಿಹೋದ ಹಾಗೆ. ಹೌದು ಭಯ ಎಂದುಬಿಟ್ಟರೆ ಮುಗಿಯಿತು. ಆದರೆ ಅವನು ಬೀಳುವುದಕ್ಕೆ ಹೆದರಿರಲಿಲ್ಲ. ಗುಂಪಿನೊಡನೆ ಹೊರಟರೆ ಎಲ್ಲೋ ಒಂದು ಕಡೆ ದಾರಿ ಎರಡಾಗುತ್ತದೆ, ಅಲ್ಲಿ ಅವನು ನಿಲ್ಲಬೇಕಾಗುತ್ತದೆ. ಅದಕ್ಕೆ ಹೆದರಿದ್ದ.

ಅದು ಗುರುವಾರದವರ ಕಟ್ಟಳೆ. ಮಣ್ಣುದಾರಿಯಲ್ಲಿ ಒಬ್ಬರ ಧೂಳು ಒಬ್ಬರು ಕುಡಿಯಲಾಗದೆ ಅರ್ಧರ್ಧ ಮೈಲಿ ಅಂತರ ಬಿಟ್ಟು ಹೋಗುತ್ತಾರೆ. ಹಾಗಾಗಿ ಕವಲು ಬಂದಾಗ ಪ್ರತಿಯೊಬ್ಬನೂ ನಿಂತು, ತನ್ನ ಹಿಂದಿನವನು ಬರುವುದನ್ನು ಕಾದು, ಕೈ ತೋರಿಸಿ ಆಮೇಲೆ ಮುಂದುವರಿಯಬೇಕು. ನಿನ್ನ ಹಿಂದಿರುವವನು ನಿನ್ನ ಜವಾಬ್ದಾರಿ. ಅವನ ಹಿಂದಿನವನು ಅವನದು. ಫೆಂಟನ್ ಪ್ರತಿ ಗುರುವಾರ ಹೊರಡುವ ಮೊದಲು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಪಾದ್ರಿಯ ಧಾಟಿಯಲ್ಲಿ ಇದನ್ನು ಹೇಳುತ್ತಾನೆ, ಎಲ್ಲರೂ ಶಾಲೆಯ ಮಕ್ಕಳ ಹಾಗೆ ಆಕಳಿಸುತ್ತಾರೆ. ಕೊನೆಯಲ್ಲಿ ಒಂದು ಮಾತು: ಧೂಳು ನೋಡಿ ಹೊರಡಬೇಡಿ, ದೀಪ ನೋಡಿ ಹೊರಡಿ. ಧೂಳನ್ನು ಯಾರು ಬೇಕಾದರೂ ಎಬ್ಬಿಸುತ್ತಾರೆ, ದನ ಎಬ್ಬಿಸುತ್ತದೆ, ಗಾಳಿ ಎಬ್ಬಿಸುತ್ತದೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಆರು ಜನ ಹೊರಟಿದ್ದರು. ಲೈಲ್ ಐದನೆಯವನು, ಆರಿನ್ ಕೊನೆಯವನು. ಹಳೆಯ ಗಣಿಯ ಕಡೆ ಎಡಕ್ಕೆ ಒಂದು ದಾರಿ ಒಡೆಯುತ್ತದಲ್ಲ, ಆ ಕವಲಿನಲ್ಲಿ ಲೈಲ್ ನಿಂತ. ಬಿಸಿಲು ಚುರುಗುಟ್ಟುತ್ತಿತ್ತು, ಟ್ಯಾಮರಾಕ್ ಮರಗಳು ಆಗಷ್ಟೇ ಹಳದಿಗೆ ತಿರುಗುತ್ತಿದ್ದವು, ಆಗಿನ ಅವನ ದೊಡ್ಡ ಗಾಡಿ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ನಾಲ್ಕು ನಿಮಿಷವಾಯಿತು, ಏಳಾಯಿತು. ಆರಿನ್ ಎಲ್ಲೋ ಮೂತ್ರಕ್ಕೆ ನಿಂತಿದ್ದಾನೆ ಎಂದುಕೊಂಡ. ಮುಂದೆ ಹೋದವರು ಊಟದ ಹೋಟೆಲಿನಲ್ಲಿ ಆಗಲೇ ಕೂತು, ಗ್ರೇಡರ್ ಇನ್ನೂ ಬರಲಿಲ್ಲವೇ, ದಾರಿ ಸಮ ಮಾಡಿಕೊಂಡು ಬರುತ್ತಿರಬೇಕು ಎಂದು ನಗುತ್ತಿರುತ್ತಾರೆ. ಅವರು ಅವನನ್ನು ಹಾಗೆಯೇ ಕರೆಯುವುದು. ಗುರುವಾರಗಳಂದು ಅಲ್ಲಿ ಹಕಲ್‌ಬೆರಿ ಹಣ್ಣು ತುಂಬಿದ ಪೈ ಎಂಬ ಸಿಹಿತಿಂಡಿ ಮಾಡುತ್ತಾರೆ, ಎರಡೇ ಎರಡು, ತಡವಾದವರಿಗೆ ಉಳಿಯುವುದಿಲ್ಲ. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಧೂಳು ಎದ್ದಿತು. ಲೈಲ್ ಹೊರಟ.

ಎದ್ದಿತೇ? ಒಂದು ವರ್ಷದಿಂದ ಅವನು ಆ ತಿರುವನ್ನು ದಿನಕ್ಕೆ ಹತ್ತು ಸಲ ನೋಡಿದ್ದಾನೆ. ನೋಡಿದಷ್ಟೂ ಧೂಳು ದಟ್ಟವಾಗುತ್ತ ಹೋಗಿದೆ; ಮೊದಮೊದಲು ತೆಳ್ಳಗೆ ಒಂದು ಎಳೆಯಷ್ಟಿದ್ದದ್ದು ಈಗ ದೊಡ್ಡ ಮೋಡವಾಗಿದೆ. ಇಷ್ಟು ಧೂಳು ಕಂಡ ಯಾರಾದರೂ ಹೊರಡುತ್ತಿದ್ದರು ಎನ್ನುವಷ್ಟು. ಅದಕ್ಕೇ ಅವನಿಗೆ ಅದರ ಮೇಲೆ ನಂಬಿಕೆಯಿಲ್ಲ. ಪೈಯ ರುಚಿ ಮಾತ್ರ ಒಂದಿಷ್ಟೂ ಹೆಚ್ಚು ಕಡಿಮೆಯಾಗದೆ ಹಾಗೆಯೇ ನೆನಪಿದೆ. ಅವನಿಗೆ ಕೊನೆಯ ತುಂಡು ಸಿಕ್ಕಿತು. ಆರಿನ್ ಎಲ್ಲಿ ಎಂದು ಫೆಂಟನ್ ಕೇಳಿದಾಗ, ಬಾಯಲ್ಲಿ ತುಂಡಿಟ್ಟುಕೊಂಡೇ, "ಬಂದ, ಹಿಂದೇನೇ ಇದ್ದಾನೆ, ಕವಲಲ್ಲಿ ನೋಡ್ದೆ," ಎಂದ. ಆ ಒಂದು ಮಾತಿಗೆ ಮುಕ್ಕಾಲು ಗಂಟೆ ಕಾದರು. ಆಮೇಲೆ ಆರಿನ್‌ನ ಕ್ಲಚ್ಚು ಕೆಟ್ಟು ಮನೆಗೆ ತಿರುಗಿರಬೇಕು ಎಂದು ಮಾತಾಡಿಕೊಂಡರು. ಗಣಿಯ ದಾರಿ ಮುಂದೆ ಕೊಚ್ಚಿಹೋಗಿದೆ ಎಂದು ಆ ಆರು ಜನರಲ್ಲಿ ತಿಳಿದಿದ್ದವನು ಲೈಲ್ ಒಬ್ಬನೇ. ಕೌಂಟಿಯ ಪಟ್ಟಿಯಿಂದ ಆ ದಾರಿಯನ್ನು ತೆಗೆಸಿದ್ದವನೂ ಅವನೇ. ಸಂಜೆ ಐದಕ್ಕೆ ಆರಿನ್ ಸಿಕ್ಕಾಗ ಹದಿನೈದು ಅಡಿ ಕೆಳಗೆ ಕಲ್ಲುಗಳ ಮಧ್ಯೆ ಅಂಗಾತ ಬಿದ್ದು ಎಚ್ಚರವಾಗಿಯೇ ಇದ್ದ. ಸೊಂಟದ ಕೆಳಗೆ ಮೈ ಸತ್ತಿತ್ತು.

ಪಿಕಪ್ಪು ಮನೆಯಂಗಳಕ್ಕೆ ಬಂದ ಸದ್ದಾಯಿತು. ಆರಿನ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಬಾಗಿಲನ್ನು ಅಂಗೈಯಿಂದ ಬಡಿಯುತ್ತಿದ್ದ. ಕಾರಿನಲ್ಲಿ ಪೆಟ್ಟಿಗೆಗಳು ಹಿಡಿಸಲಿಲ್ಲವೆಂದು ಇವತ್ತು ಇದರಲ್ಲಿ ಬಂದಿದ್ದರು. ಪಕ್ಕದ ಮನೆಯವನು ಆರಿನ್‌ನನ್ನು ಎತ್ತಿ ಹತ್ತಿಸಿ ಕಳಿಸಿದ್ದ. ಆರಿನ್‌ನ ಹೆಂಡತಿ ಕಾರ್ಲೀನ್ ಮಡಚಿದ ಗಾಲಿಕುರ್ಚಿ ಇಳಿಸಿ ಬಿಚ್ಚಿದಳು, ಲೈಲ್ ಆರಿನ್‌ನನ್ನು ತಬ್ಬಿ ಇಳಿಸಿದ. ಒಂದು ವರ್ಷದಲ್ಲಿ ಆರಿನ್‌ನ ತೋಳು ಎದೆ ದಪ್ಪವಾಗಿದ್ದವು. ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಮನುಷ್ಯ, ಈಗಲೂ ಅವನ ಅಂಗಿಯಿಂದ ದೇವದಾರಿನ ಹೊಟ್ಟಿನ ವಾಸನೆ ಬರುತ್ತಿತ್ತು.

"ಎಲ್ಲಿ, ಮದುಮಗಳು ಎಲ್ಲಿ?" ಎನ್ನುತ್ತ ಆರಿನ್ ತಾನೇ ಗಾಲಿ ತಳ್ಳಿಕೊಂಡು ಶೆಡ್ಡಿನೊಳಗೆ ಬಂದ. ಗಾಡಿಯ ಸುತ್ತ ಒಂದು ಸುತ್ತು ಬಂದು ಕ್ಯಾರಿಯರ್ ಹಿಡಿದು ಅಲುಗಾಡಿಸಿದ. "ಒಂದು ಬೋಲ್ಟು ಎಲ್ಲೋ?"

"ಮುರೀತು."

"ಮುರೀತಂತೆ! ಅದೇ ಮುರೀತಾ, ನೀನು ಮುರಿದ್ಯಾ?" ಆರಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಇದು ಗ್ರೇಡರ್ ಅಲ್ಲ ಕಣೋ. ಎರಡು ಬೆರಳಲ್ಲಿ ಬಿಗೀಬೇಕು, ಮಗೂ ಅಂಗಿಗೆ ಗುಂಡಿ ಹಾಕೋ ಹಾಗೆ. ಕಾರ್ಲೀನ್, ನೋಡಿದ್ಯಾ? ಬೋಲ್ಟಿನ ಕುತ್ತಿಗೆ ಮುರ್ದವ್ನೆ."

"ನೀನು ನಗಬೇಡ," ಎಂದಳು ಕಾರ್ಲೀನ್, ಪೆಟ್ಟಿಗೆ ತಂದಿಡುತ್ತ. "ಅವನು ಬೋಲ್ಟು ಮುರ್ದ. ನೀನು ಬೆನ್ನು ಮುರ್ಕೊಂಡೆ."

ಹೀಗೆಯೇ ಮಾತಾಡುವವಳು ಅವಳು. ಎತ್ತರದ ಗಟ್ಟಿ ಹೆಂಗಸು, ಅಂಚೆ ಕಚೇರಿಯ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತು ಊರಿಗೆಲ್ಲ ಮಾತು ಅಂದವಳು. ಆರಿನ್‌ಗೆ ಆಗಿದ್ದು ಆರಿನ್‌ನ ತಪ್ಪು ಎಂಬುದನ್ನು ಅವಳು ಒಂದು ವರ್ಷದಿಂದ ಒಂದು ದಿನವೂ ಬಿಡದೆ ಅವನಿಗೆ ಹೇಳಿದ್ದಾಳೆ. ಅವನೇ ಒಪ್ಪಿಕೊಂಡಿದ್ದನಲ್ಲ! ಬಾಯ್ಸಿ ಪಟ್ಟಣದ ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ ಹಾಕಿದ್ದಾಗಲೇ, ಸುತ್ತ ನಿಂತವರ ಎದುರು ಹೇಳಿದ್ದ: ಲೈಲ್ ಕವಲಲ್ಲೇ ನಿಂತಿದ್ದ, ಕೈ ಬೀಸ್ತಾ ಇದ್ದ, ನಾನು ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಎಡಕ್ಕೆ ಹೋಗ್ಬಿಟ್ಟೆ. ಆಗ ಲೈಲ್ ಮಂಚದ ಕಾಲ ಬಳಿ ನಿಂತಿದ್ದ. ಬಾಯಿ ತೆರೆದ. ಪೆಟ್ಟು ಬಿದ್ದ ತಲೆ, ಏನೇನೋ ಕಂಡಿದೆ, ಪಾಪ, ಎಂದುಕೊಂಡ. ನಾಳೆ ಸರಿಹೋದ ಮೇಲೆ ಹೇಳೋಣ ಎಂದುಕೊಂಡ. ಫೆಂಟನ್ ಅವನ ಹೆಗಲು ಹಿಡಿದು, ನೀನೇನು ಮಾಡೋಕಾಗತ್ತೆ ಎಂದ. ತೆರೆದ ಬಾಯಿ ಮುಚ್ಚಿಕೊಂಡಿತು. ಆಮೇಲೆ ಒಂದೊಂದು ದಿನವೂ ಅದು ಇನ್ನಷ್ಟು ಭದ್ರವಾಗಿ ಮುಚ್ಚಿಕೊಂಡಿತು. ಊರಿನಲ್ಲಿ ಹೆಂಗಸರು ಅವನನ್ನು ತಡೆದು, ಪ್ರತಿ ಗುರುವಾರ ಆರಿನ್ ಜತೆ ಕೂರುತ್ತೀಯಂತೆ, ನಿನ್ನಂಥವನು ಸಿಗಬೇಕು ಎಂದಾಗ ಅವನ ಮುಖ ಹುಳ್ಳಗಾಗುತ್ತಿತ್ತು. ಅದನ್ನೂ ಅವರು ಸಂಕೋಚವೆಂದೇ ತಿಳಿದರು.

ಪೆಟ್ಟಿಗೆಗಳು ಆರಿನ್‌ನವು. ಹೋದ ವರ್ಷ ಬೇಸಗೆಯಲ್ಲಿ ಇಬ್ಬರೂ ಮಾತಾಡಿಕೊಂಡಿದ್ದರು: ವಯಸ್ಸಾಯಿತು, ದೊಡ್ಡ ಗಾಡಿ ಬಿದ್ದರೆ ಎತ್ತಲಾಗುವುದಿಲ್ಲ, ಇಬ್ಬರೂ ಒಂದೇ ಥರದ ಸಣ್ಣ ಗಾಡಿ ಕೊಳ್ಳೋಣ ಎಂದು. ಆರಿನ್ ಗಾಡಿಗೆ ಹೇಳಿಟ್ಟು, ಅದು ಬರುವ ಮೊದಲೇ ಅದರ ಸಾಮಾನೆಲ್ಲ ತರಿಸಿಕೊಂಡಿದ್ದ. ಗಾಡಿ ಬೇಡವೆಂದು ಆಮೇಲೆ ಕಾರ್ಲೀನ್ ಫೋನು ಮಾಡಿ ಹೇಳಿದಳು. ಪೆಟ್ಟಿಗೆಗಳು ಉಳಿದವು. ಲೈಲ್ ಕೊಂಡದ್ದೂ ಆರಿನ್‌ನ ಬಲವಂತಕ್ಕೇ. ನಾನಂತೂ ಹತ್ತಲ್ಲ, ನೀನು ಹತ್ತಿದ್ದನ್ನಾದರೂ ನೋಡ್ತೀನಿ ಎಂದು ಚಳಿಗಾಲವಿಡೀ ಪೀಡಿಸಿದ್ದ. ಬೇಡವೆನ್ನಲು ಲೈಲ್‌ಗೆ ಕಾರಣವಿರಲಿಲ್ಲ. ಇದ್ದ ಒಂದೇ ಕಾರಣ ಹೇಳುವಂಥದ್ದಲ್ಲ.

ಮೊದಲ ಪೆಟ್ಟಿಗೆಯಲ್ಲಿ ಇಂಜಿನ್ನಿಗೆ ಕಲ್ಲು ಬಡಿಯದಂತೆ ಕೆಳಗೆ ಹಾಕುವ ದಪ್ಪ ಅಲ್ಯೂಮಿನಿಯಂ ತಗಡಿತ್ತು. ಲೈಲ್ ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತಲೆ ತೂರಿಸಿದ. ಆರಿನ್ ಕುರ್ಚಿಯಿಂದ ಬಗ್ಗಿ, "ನಾಲ್ಕನ್ನೂ ಮೊದಲು ಸುಮ್ಮನೆ ಕೂರಿಸು, ಬಿಗೀಬೇಡ. ಮುಂದಿನ ಎರಡು... ಹಾಂ. ಈಗ ಎರಡು ಬೆರಳು. ಎರಡೇ!" ಎನ್ನುತ್ತಿದ್ದ. ಕೆಳಗಿನಿಂದ ಲೈಲ್‌ಗೆ ಕಂಡದ್ದು ಅವನ ಬೂಟುಗಳು. ಹೊಸ ಬೂಟು, ವರ್ಷವಾದರೂ ಅಟ್ಟೆ ಸವೆದಿರಲಿಲ್ಲ, ಕುರ್ಚಿಯ ಹಲಗೆಯ ಮೇಲೆ ಜೋಡಿಸಿಟ್ಟ ಹಾಗೆ ಇದ್ದವು. ತಗಡು ಕೂತಿತು. ಆಮೇಲೆ ಕೈಗೆ ಮರದ ಕೊಂಬೆ ಬಡಿಯದಂತೆ ಹ್ಯಾಂಡಲಿಗೆ ಹಾಕುವ ಗಾರ್ಡು. ಅದಕ್ಕೆ ಹ್ಯಾಂಡಲ್ ಹಿಡಿಯ ರಬ್ಬರಿನ ತುದಿ ಕೊಯ್ಯಬೇಕು. ಹೊಸ ಗಾಡಿಯ ರಬ್ಬರಿಗೆ ಚಾಕು ಹಾಕಲು ಲೈಲ್‌ಗೆ ಕೈ ಬರಲಿಲ್ಲ. "ತಾ ಇಲ್ಲಿ," ಎಂದು ಆರಿನ್ ಚಾಕು ಇಸಿದುಕೊಂಡು, ನಾಲಿಗೆಯ ತುದಿ ಹಲ್ಲಲ್ಲಿ ಕಚ್ಚಿ, ಸೇಬಿನ ತೊಟ್ಟು ತೆಗೆದಷ್ಟು ಸಲೀಸಾಗಿ ಎರಡೂ ಕಡೆ ಕೊಯ್ದುಕೊಟ್ಟ. ಅವನ ಮುಖ ಮದುವೆ ಮನೆಯ ಹಿರಿಯನ ಮುಖದಂತೆ ಬೆಳಗುತ್ತಿತ್ತು. ಈ ಮನುಷ್ಯ ಇವತ್ತು ಸುಖವಾಗಿದ್ದಾನೆ ಎಂದು ಲೈಲ್‌ಗೆ ಅನ್ನಿಸಿತು. ತನ್ನ ಕಾಲು ತೆಗೆದವನ ಗಾಡಿಗೆ ತನ್ನ ಸಾಮಾನು ತಾನೇ ಹಾಕಿಕೊಡುತ್ತ ಹಾಡು ಗುನುಗುತ್ತಿದ್ದಾನೆ.

ಕಾರ್ಲೀನ್ ತಲೆಕೆಳಗಾದ ಬಕೀಟಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಸೀಮೆ ಸೌತೆಕಾಯಿ ಆಗಲೇ ಬೇಡವೆಂದಾಗಿತ್ತು. "ಇನ್ನೊಂದು ಪೆಟ್ಟಿಗೆ ಇದೆಯಲ್ಲ, ಅದೇನು?" ಎಂದಳು.

"ಅದು ಹಳೇದಲ್ಲ. ಹೋದ ವಾರ ತರಿಸಿದ್ದು," ಎಂದ ಆರಿನ್. "ನನ್ನ ಕಡೆಯಿಂದ. ಬಿಚ್ಚೋ."

ಲೈಲ್ ಬಿಚ್ಚಿದ. ಎರಡು ಹಳದಿ ದೀಪಗಳು, ಮುಷ್ಟಿ ಗಾತ್ರದವು, ಮುಂದಿನ ಮಡ್ಗಾರ್ಡಿನ ಅಕ್ಕಪಕ್ಕ ಹಾಕುವಂಥವು.

"ಹಗಲಲ್ಲೂ ಅರ್ಧ ಮೈಲಿಯಿಂದ ಕಾಣತ್ತಂತೆ," ಎಂದ ಆರಿನ್. "ಕವಲಲ್ಲಿ ನಿಂತಾಗ ಹಾಕ್ಕೊಂಡಿರು. ಹಿಂದೆ ಬರೋನು ನನ್ನ ಥರ ಕುರುಡ ಆದ್ರೂ ಕಾಣಬೇಕು."

"ಕುರುಡನಿಗೆ ದೀಪ ಯಾಕೆ?" ಎಂದಳು ಕಾರ್ಲೀನ್, ತುಣುಕು ಉದುರಿಸಿಕೊಳ್ಳುತ್ತ. ಹೊಸದೇನಲ್ಲ, ದಿನದ ಮಾತು, ಬೇಸರದಿಂದಲ್ಲ, ಅಭ್ಯಾಸದಿಂದ. "ಆರೂಕಾಲಡಿ ಮನುಷ್ಯ. ಕಣದ ಕೊಟ್ಟಿಗೆ ಹಾಗೆ ಅಡ್ಡ ನಿಂತು ಕೈ ಬೀಸ್ತಿದ್ದ. ಅವನು ಕಾಣಲಿಲ್ಲವಂತೆ. ರಸ್ತೆ ನೋಡ್ತಿದ್ಯಾ, ಆಕಾಶ ನೋಡ್ತಿದ್ಯಾ? ಹಾಂ? ಈ ಲೈಲ್ ಅಲ್ಲಿ ಬಿಸಿಲಲ್ಲಿ ಒಣಗ್ತಾ ಕಾದಿದ್ದಾನೆ ಪಾಪ, ಇವನು ಟಾಟಾ ಮಾಡ್ಕೊಂಡು ಹೋದ. ಹೇಳು ಲೈಲ್, ಎಷ್ಟು ಹೊತ್ತು ಕಾದೆ ಈ ಕುರುಡನಿಗೆ?"

"ಹೇಳೋ," ಎಂದ ಆರಿನ್ ನಗುತ್ತ. "ಬೈಸು ನನ್ನ."

ಲೈಲ್‌ನ ಕೈಯಲ್ಲಿ ದೀಪವಿತ್ತು. ಅದರ ಗಾಜಿನ ಮೇಲೆ ಅಂಟಿಸಿದ್ದ ತೆಳು ಹಾಳೆಯನ್ನು ಅವನ ಉಗುರು ಒಂದು ಮೂಲೆಯಿಂದ ಕೆರೆಯುತ್ತಿತ್ತು. ಏಳು ನಿಮಿಷ ಎನ್ನಬೇಕು ಎಂದುಕೊಂಡ. ಕಾದದ್ದು ಸುಳ್ಳಲ್ಲ, ಏಳು ನಿಮಿಷ ಕಾದಿದ್ದ. ಆ ಉತ್ತರ ನಿಜವೂ ಆಗುತ್ತಿತ್ತು. ಇಷ್ಟು ದಿನ ಹೀಗೆ ನಿಜದ ತುಂಡುಗಳನ್ನೇ ಆರಿಸಿ ಆರಿಸಿ ಇಟ್ಟು ಬದುಕಿದ್ದಾಯಿತು. ಆದರೆ ಗಂಟಲಿನಿಂದ ಬಂದದ್ದು ಬೇರೆ. ಅದು ತನ್ನ ಧ್ವನಿಯೆಂದು ಅವನಿಗೆ ಮೊದಲು ಗುರುತೇ ಸಿಗಲಿಲ್ಲ.

"ನಾನು ಅಲ್ಲಿರಲಿಲ್ಲ," ಎಂದ.

ಕಾರ್ಲೀನ್ ಅಗಿಯುವುದನ್ನು ನಿಲ್ಲಿಸಿದಳು.

"ಧೂಳು ಕಂಡ ಹಾಗಾಯ್ತು. ಆರಿನ್ ಬಂದ ಅಂದ್ಕೊಂಡು ಹೊರಟುಬಿಟ್ಟೆ. ದೀಪ ನೋಡಲಿಲ್ಲ. ಹೋಟೆಲಲ್ಲಿ ಕೇಳಿದ್ರು, ನೋಡ್ದೆ ಅಂದೆ. ಆಸ್ಪತ್ರೇಲಿ ಇವನು ನಾನಿದ್ದೆ ಅಂದ. ಇವನಿಗೆ ತಲೆಗೆ ಪೆಟ್ಟಾಗಿ ಹಂಗೆ ಕಂಡಿರಬೇಕು. ನಾನು... ಇಲ್ಲ ಅನ್ನಲಿಲ್ಲ."

"ಬಾಯಿ ಮುಚ್ಚೋ!" ಆರಿನ್ ಕುರ್ಚಿಯ ಕೈಹಿಡಿಯನ್ನು ಗುದ್ದಿದ. ಈಗಷ್ಟೇ ಬೆಳಗುತ್ತಿದ್ದ ಮುಖ ಕೆಂಪಾಗಿತ್ತು. "ಅವನ ಮಾತು ಕೇಳ್ಬೇಡ ಕಣೇ. ನನ್ನ ಮೇಲೆ ಕನಿಕರಕ್ಕೆ ಹೇಳ್ತಿದಾನೆ. ಇದ್ದ ಅವನು. ನಾನು ಕಣ್ಣಾರೆ ನೋಡಿದೀನಿ."

ಕಾರ್ಲೀನ್ ಗಂಡನನ್ನೇ ನೋಡುತ್ತ ಕೂತಿದ್ದಳು. ನಲವತ್ತು ವರ್ಷದ ಪರಿಚಯದ ಮುಖ, ಎಲ್ಲಿ ಯಾವ ಸುಳ್ಳು ಇರುತ್ತದೆಂದು ತಿಳಿದ ಮುಖ. ಅದನ್ನು ಅವಳು ಈ ಒಂದು ವರ್ಷ ಬೈಯುವ ಭರದಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲವೇನೋ.

"ನೋಡಿದೀನಿ ಅಂತೀಯ. ಕಾಣಲಿಲ್ಲ, ಅದಕ್ಕೇ ಹೋದೆ ಅಂತಿದ್ದೆಯಲ್ಲ," ಎಂದಳು ಮೆಲ್ಲಗೆ. "ನಿನಗೆ ಗೊತ್ತಿತ್ತಾ?"

ಆರಿನ್ ಕುರ್ಚಿಯ ಗಾಲಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿಕೊಂಡ.

"ಆರಿನ್. ಗೊತ್ತಿತ್ತಾ?"

"ಪೆಟ್ಟು ಬಿದ್ದಿದ್ದು ಬೆನ್ನಿಗೆ," ಎಂದ ಆರಿನ್. "ತಲೆಗಲ್ಲ. ಕವಲಲ್ಲಿ ಗಾಡಿ ನಿಲ್ಲಿಸ್ದೆ. ಎರಡೂ ಕಡೆ ನೋಡ್ದೆ. ಯಾರೂ ಇರಲಿಲ್ಲ. ಎಡಕ್ಕೆ ತಿರುಗಿದೆ."

ಒಂದು ವರ್ಷ ಲೈಲ್ ತನ್ನ ಗುಟ್ಟು ತನ್ನ ಬಳಿಯಿದೆ ಎಂದುಕೊಂಡಿದ್ದ. ಪ್ರತಿ ಗುರುವಾರ ಆರಿನ್‌ನ ಎದುರು ಕೂತು ಇಸ್ಪೀಟು ಆಡಿದಾಗ, ಆರಿನ್ ಎಲೆಗಳ ಮೇಲಿಂದ ಒಮ್ಮೊಮ್ಮೆ ನೋಡುತ್ತಿದ್ದನಲ್ಲ, ಆಗೆಲ್ಲ ಆರಿನ್‌ಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಇವನ ಬಾಯಿ ತೆರೆಯುವುದನ್ನೂ ಮುಚ್ಚುವುದನ್ನೂ ನೋಡಿಯೇ ಇದ್ದ. ಲೈಲ್‌ಗೆ ಬಂದದ್ದು ಪಶ್ಚಾತ್ತಾಪವಲ್ಲ, ನಾಚಿಕೆ; ಬಟ್ಟೆಯಿಲ್ಲದೆ ವರ್ಷವಿಡೀ ಊರಲ್ಲಿ ಓಡಾಡಿ ಇವತ್ತು ತಿಳಿದ ಹಾಗೆ. ಕಾರ್ಲೀನ್ ಎದ್ದಳು. ಅವಳು ಕೂಗುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಹೊಡೆದರೆ ಒಳ್ಳೆಯದು ಎಂದು ಮುಖವನ್ನು ಸ್ವಲ್ಪ ಮುಂದೆ ಕೂಡ ಮಾಡಿದ. ಅವಳು ಅವನ ಕಡೆ ನೋಡಲೇ ಇಲ್ಲ. ಮಡಿಲಲ್ಲಿದ್ದ ತುಣುಕುಗಳನ್ನು ಅಂಗೈಗೆ ಕೂಡಿಸಿ, ಎಲ್ಲಿ ಹಾಕುವುದೆಂದು ತಿಳಿಯದೆ, ಕೋಟಿನ ಜೇಬಿಗೆ ಹಾಕಿಕೊಂಡಳು.

"ಗಾಡಿ ಹತ್ತಿರಕ್ಕೆ ತರ್ತೀನಿ," ಎಂದು ಹೇಳಿ ಹೊರಗೆ ಹೋದಳು.

ಪಿಕಪ್ಪಿನ ಬಾಗಿಲು ತೆರೆದ ಸದ್ದು ಬಂತು. ತಕ್ಷಣ ಇಂಜಿನ್ನು ಶುರುವಾಗಲಿಲ್ಲ. ಒಳಗೆ ಕೂತು ಏನು ಮಾಡುತ್ತಿದ್ದಾಳೋ.

"ಯಾಕೋ ಹೇಳ್ದೆ?" ಎಂದ ಆರಿನ್. ಸಿಟ್ಟು ಇಳಿದಿತ್ತು, ಬರೀ ಸುಸ್ತಿತ್ತು.

"ತಡ್ಕೊಳೋಕೆ ಆಗಲಿಲ್ಲ. ನಿನ್ನ ದಿನಾ ಬೈತಾಳೆ. ನನ್ನ ತಪ್ಪಿಗೆ."

"ನಾನು ತಡ್ಕೊಂಡಿರಲಿಲ್ವಾ? ನಿನಗೇನಾಗಿತ್ತು?" ಆರಿನ್ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದ. "ಆಸ್ಪತ್ರೇಲಿ ಮೊದಲ ಮೂರು ದಿನ ಅವಳು ಹ್ಯಾಗಿದ್ದಳು ಗೊತ್ತಾ? ಮಾತಿಲ್ಲ. ನನ್ನ ಕೈ ಸವರ್ತಾ ಕೂತಿರೋಳು, ಹೆಣದ ಪಕ್ಕ ಕೂತ ಹಾಗೆ. ಏನು ಕೇಳಿದ್ರೂ ಹೂಂ ಚಿನ್ನ, ಆಯ್ತು ಚಿನ್ನ. ನಲವತ್ತು ವರ್ಷದಲ್ಲಿ ಆ ಹೆಂಗಸು ನನ್ನ ಚಿನ್ನ ಅಂದಿರಲಿಲ್ಲ ಕಣೋ. ನಾಲ್ಕನೇ ದಿನ ನಾನು ಹೇಳ್ದೆ, ನನ್ನದೇ ತಪ್ಪು, ಲೈಲ್ ಕಾಣಲಿಲ್ಲ ಅಂತ. ಒಂದು ಗಳಿಗೆ ನೋಡಿದಳು. ಆಮೇಲೆ ಶುರು ಮಾಡಿದಳು ನೋಡು! ನರ್ಸು ಓಡಿಬಂದಳು. ಅವತ್ತೇ ನಾನು ಬದುಕಿದ್ದು." ಅವನು ತೊಡೆಯ ಮೇಲೆ ಬಿದ್ದಿದ್ದ ರಬ್ಬರಿನ ಚೂರನ್ನು ಎತ್ತಿ ನೆಲಕ್ಕೆ ಬಿಸಾಡಿದ. "ಬೈಯೋವಾಗ ನಾನು ಅವಳ ಗಂಡ. ನಿನ್ನ ಮೇಲೆ ಹಾಕಿದ್ರೆ ನಿನ್ನನ್ನ ಬೈತಿದ್ಲು. ನೀನು ಮನೆ ಕಡೆ ತಲೆ ಹಾಕ್ತಿರಲಿಲ್ಲ. ನನಗೆ ಎರಡೂ ಹೋಗ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ನೀನು ಬಂದು ನಿನ್ನ ಎದೆ ಹಗುರ ಮಾಡ್ಕೊಂಡೆ."

ಹಗುರವಾಗಿಲ್ಲ ಎಂದು ಹೇಳಬೇಕೆನ್ನಿಸಿತು ಲೈಲ್‌ಗೆ. ಅದೂ ತನ್ನ ಸುದ್ದಿಯೇ ಆಗುತ್ತದೆ ಎನ್ನಿಸಿ ಹೇಳಲಿಲ್ಲ. ಕೈಯಲ್ಲಿದ್ದ ದೀಪವನ್ನು ಪೆಟ್ಟಿಗೆಯಲ್ಲಿಟ್ಟ. ಅದು ಅಡ್ಡವಾಗಿ ಕೂತಿತು. ತೆಗೆದು ಸರಿಯಾಗಿ ಇಟ್ಟ.

ಪಿಕಪ್ಪು ಹಿಂದುಮುಂದಾಗಿ ಶೆಡ್ಡಿನ ಬಾಗಿಲಿಗೆ ಬಂದು ನಿಂತಿತು. ಕಾರ್ಲೀನ್ ಇಳಿದು ಬಂದು ಕುರ್ಚಿಯನ್ನು ತಾನೇ ತಳ್ಳಿಕೊಂಡು ಹೋದಳು. ಆರಿನ್ ಗಾಲಿಗೆ ಕೈ ಹಾಕಿದ, ಅವಳು ಅವನ ಕೈಗಳನ್ನು ಎತ್ತಿ ಮಡಿಲಲ್ಲಿಟ್ಟಳು. ಲೈಲ್ ಹಿಂದೆ ಹೋದ. "ಬೇಡ," ಎಂದಳು, ತಿರುಗದೆ. ಆರಿನ್‌ನ ಕಂಕುಳಲ್ಲಿ ಕೈ ಹಾಕಿ ಎದೆಗೆ ಒತ್ತಿಕೊಂಡು ಎತ್ತಿದಳು. ಸೀಟು ಅವಳ ಎದೆಯ ಮಟ್ಟಕ್ಕಿತ್ತು. ಅರ್ಧಕ್ಕೆ ಬಂದು ಕಾಲುಗಳು ಕೆಳಗಿನ ಮೆಟ್ಟಿಲಿಗೆ ಸಿಕ್ಕಿ, ಅವಳು ತೂರಾಡಿ, ಮತ್ತೆ ಕುರ್ಚಿಗೆ ಕೂರಿಸಿದಳು. ಉಸಿರು ತೆಗೆದುಕೊಂಡು ಮತ್ತೆ ಎತ್ತಿದಳು. ಆರಿನ್ ಬಾಗಿಲ ಮೇಲಿನ ಹಿಡಿಗೆ ಕೈ ಚಾಚಿದ, ಬೆರಳ ತುದಿ ತಾಗಿ ಜಾರಿತು. ಈ ಸಲ ಅವನ ಅಂಗಿ ಮೇಲೆ ಸರಿದು ಬಿಳುಚಿದ ಹೊಟ್ಟೆ ಕಂಡಿತು. ಲೈಲ್ ಎರಡು ಮಾರು ದೂರದಲ್ಲಿ ಕೈ ಮುಂದೆ ಚಾಚಿಕೊಂಡೇ ನಿಂತಿದ್ದ. ಆ ಕೈಗಳನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹಿಂದಕ್ಕೆ ತೆಗೆದುಕೊಂಡರೆ ಬಿಟ್ಟಂತಾಗುತ್ತಿತ್ತು.

ಮೂರನೆಯ ಸಲವೂ ಆಗಲಿಲ್ಲ. ಕಾರ್ಲೀನ್ ಗಂಡನ ಹೆಗಲ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ನೆಲ ನೋಡುತ್ತ, "ಕಾಲು ಹಿಡ್ಕೋ," ಎಂದಳು.

ಲೈಲ್ ಬಂದು ಮೊಣಕಾಲ ಕೆಳಗೆ ತೋಳು ಹಾಕಿ ಹಿಡಿದ. ಅವನ ಮುಖವೂ ಅವಳ ಮುಖವೂ ಒಂದು ಗೇಣು ದೂರದಲ್ಲಿದ್ದವು. ಅವಳು ಮೂರು ಎಣಿಸಿದಳು. ಆರಿನ್ ಮೇಲೆ ಹೋದ. ಲೈಲ್ ಆ ಕಾಲುಗಳನ್ನು ಒಂದೊಂದಾಗಿ ಒಳಗಿಟ್ಟು, ಮೇಲೆ ಸರಿದ ಪ್ಯಾಂಟಿನ ಅಂಚು ಎಳೆದು ಸರಿಮಾಡಿದ. ಕಾರ್ಲೀನ್ ಅವನನ್ನು ದಾಟಿ ಒಳಗೆ ಬಗ್ಗಿ ಬೆಲ್ಟು ಹಾಕಿದಳು, ಅಂಗಿ ಕೆಳಗೆಳೆದಳು, ಕೋಟಿನ ತೋಳಿನಿಂದ ಗಂಡನ ಹಣೆಯ ಬೆವರು ಒರೆಸಿದಳು. ಆರಿನ್ ಅವಳನ್ನೇ ನೋಡುತ್ತಿದ್ದ, ವೈದ್ಯರ ಬಾಯಿಂದ ಏನು ಬರುತ್ತದೋ ಎಂದು ಕಾಯುವವನ ಹಾಗೆ.

"ಬೈಯೇ," ಎಂದ. "ಸುಳ್ಳು ಹೇಳ್ದೆನಲ್ಲ ವರ್ಷವಿಡೀ. ಬೈಯಿ."

ಅವಳು ಅವನ ಕೆನ್ನೆಯ ಮೇಲೆ ಕೈಯಿಟ್ಟಳು.

"ಬೆನ್ನು ನೋಯ್ತಿದ್ಯಾ, ಚಿನ್ನ?" ಎಂದು ಕೇಳಿದಳು.